ಬರ್ಲಿನ್‌ನ ಆ ನೆಲಮಾಳಿಗೆಯಲ್ಲಿ ಅಮ್ಮ

ಅಪ್ಪಾ,

ನೀವು ಹೋಗಿ ಎರಡು ವರ್ಷ ಆಯ್ತು, ಇದನ್ನು ಓದಲ್ಲ ಅಂತ ಗೊತ್ತು. ಆದರೂ ಹೇಳಲೇಬೇಕು.

ಆಫೀಸಿನ ಕೆಲಸಕ್ಕೆ ಜರ್ಮನಿಗೆ ಹೋಗುವಾಗ ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಶನಿವಾರ, ಭಾನುವಾರ ರಜಾ ಇತ್ತು ಅಂತ ಇಬ್ಬರೂ ಬರ್ಲಿನ್ ನೋಡೋಕೆ ಹೋದ್ವಿ. ಯುದ್ಧದ ಕಾಲದಲ್ಲಿ ಬಾಂಬ್ ಬೀಳುವಾಗ ಜನ ಅಡಗಿ ಕೂರ್ತಿದ್ದ ಒಂದು ನೆಲಮಾಳಿಗೆಗೆ ಇಳಿದ್ವಿ. ಗೈಡ್ ಕಬ್ಬಿಣದ ಬಾಗಿಲು ಮುಚ್ಚಿ, ಆಗ ಹೀಗಿರ್ತಿತ್ತು ಅಂತ ಲೈಟ್ ಆರಿಸಿದಳು.

ಕತ್ತಲಲ್ಲಿ ಅಮ್ಮ ನನ್ನ ಕೈ ಹಿಂಡಿದಳು. "ಬಾಗಿಲು ತೆಗೀರಿ! ತೆಗೀರಿ ಅಂದ್ನಲ್ಲ!" ಅಂತ ಕನ್ನಡದಲ್ಲೇ ಕೂಗಿದಳು. ಯಾರಿಗೂ ಅರ್ಥ ಆಗಲಿಲ್ಲ. ಅವಳಿಗೆ ಉಸಿರು ಕಟ್ತಿತ್ತು. ಲೈಟ್ ಬರೋವರೆಗೂ ನಾನು ಬಾಗಿಲು ಬಡೀತಾನೇ ಇದ್ದೆ.

ಹೊರಗೆ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, "ಏನಾಯ್ತಮ್ಮಾ?" ಅಂದೆ.

"ನಿಮ್ಮಪ್ಪನೇ ಒಳಗೆ ಸಿಕ್ಕಿಹಾಕಿಕೊಂಡ ಹಾಗನ್ನಿಸ್ತು ಕಣೇ. ಮಿಲಿಟ್ರಿಲಿದ್ದಾಗ ಶ್ರೀಲಂಕಾದ ಜಾಫ್ನಾದಲ್ಲಿ ಅವರ ಬಂಕರ್ ಕುಸಿದಿತ್ತು. ಜೊತೆಗಾರ ಚಿನ್ನಪ್ಪನ ಹೆಣದ ಪಕ್ಕ ಇಡೀ ರಾತ್ರಿ ಬಿದ್ದಿದ್ರು. ನನಗೊಬ್ಬಳಿಗೇ ಹೇಳಿದ್ದು."

"ನನಗ್ಯಾಕೆ ಹೇಳಲಿಲ್ಲ?"

"'ಮಗಳು ನನ್ನನ್ನ ಪುಕ್ಕಲ ಅಂದ್ಕೊಂಡಿದಾಳೆ, ಹಾಗೇ ಇರಲಿ ಬಿಡು' ಅಂದ್ರು."

ನಿನ್ನೆ ಬನಶಂಕರಿಯ ನಮ್ಮ ಫ್ಲಾಟ್‌ಗೆ ವಾಪಸ್ ಬಂದ್ವಿ. ಅಮ್ಮನನ್ನು ಸೂಟ್‌ಕೇಸ್ ಜೊತೆ ಲಿಫ್ಟ್‌ನಲ್ಲಿ ಕಳಿಸಿ, ನಾನು ಮೆಟ್ಟಿಲು ಹತ್ತಿದೆ. ಆ ಮಂಡಿ ನೋವಿನಲ್ಲೂ ನೀವು ಲಿಫ್ಟ್ ಒಳಗೆ ಕಾಲಿಡದೆ ದಿನಾ ಮೆಟ್ಟಿಲು ಹತ್ತಿ ಬರ್ತಿದ್ರಿ. ನಾನು ಮೇಲೆ ಲಿಫ್ಟ್ ಬಾಗಿಲು ಹಿಡ್ಕೊಂಡು, ಪುಕ್ಕಲ ಅಂತ ನಗ್ತಿದ್ದೆ. ಮೂರನೇ ಮಹಡಿಯಲ್ಲಿ ಕೂತುಬಿಟ್ಟೆ. ಅಮ್ಮ ಮೇಲಿಂದ ಕರೀತಾನೇ ಇದ್ದಳು.

ವನಿತಾ