ಮಂಜು ಇಳಿಸಿದ ನಿಲ್ದಾಣ

ಅಪ್ಪನಿಗೆ,

ನಾನೂ ಅಮ್ಮನೂ ರೆಸಲ್ಯೂಟ್‌ನ ವಿಮಾನ ನಿಲ್ದಾಣದಲ್ಲಿದ್ದೇವೆ. ನಮ್ಮೂರಿಂದ ದೊಡ್ಡಮ್ಮನ ಊರು ಗ್ರೀಸ್ ಫಿಯರ್ಡ್‌ಗೆ ನಾನೂರು ಚಿಲ್ಲರೆ ಕಿಲೋಮೀಟರ್, ಒಂದೂವರೆ ಗಂಟೆಯ ಹಾರಾಟ ಎಂದಿದ್ದರು. ಅಲ್ಲಿ ಮಂಜು ಕವಿದು ಇಳಿಯಲಾಗಲಿಲ್ಲ, ವಿಮಾನ ಇಲ್ಲಿಗೆ ಬಂತು. ಅಮ್ಮ ಇಳಿಯುವಾಗಲೇ ಪೈಲಟ್‌ನನ್ನು ಬೈಯತೊಡಗಿದಳು.

"ಆ ಗೊಗ್ಗರು ದನಿ ನನ್ನ ತಂಗೀದೇ," ಎಂದರು ಬೆಂಚಿನ ಮೇಲಿದ್ದ ಮುದುಕಿಯೊಬ್ಬರು. ನೋಡಿದರೆ ನಾವು ಹೊರಟಿದ್ದ ಮನೆಯ ದೊಡ್ಡಮ್ಮ! ಕಣ್ಣಿನ ಪೊರೆಯ ಆಪರೇಷನ್‌ಗೆ ತಟ್ಟನೆ ಕರೆ ಬಂದು, ಮಂಜು ಕವಿಯುವ ಮುಂಚೆಯೇ ಹೊರಟು, ಇಕಾಲುಯಿಟ್ ಆಸ್ಪತ್ರೆಗೆ ಹೋಗುವ ವಿಮಾನಕ್ಕೆ ಇಲ್ಲಿ ಕಾಯುತ್ತಿದ್ದರಂತೆ. ಇಬ್ಬರೂ ಅತ್ತು, ನಕ್ಕು, ಈಗ ಹೆಪ್ಪುಗಟ್ಟಿದ ಮೀನು ತಿನ್ನುತ್ತಿದ್ದಾರೆ.

ಮಂಜು ಕರಗಿತೆಂದು ಪೈಲಟ್ ಕರೆದ.

"ನೀನು ಹೋಗಪ್ಪ," ಎಂದಳು ಅಮ್ಮ ಅವನಿಗೆ. "ನಾವು ಅಕ್ಕನ ಜೊತೆ ಹೋಗ್ತೀವಿ. ಅವಳಿನ್ನೂ ನನ್ನ ಮುಖ ನೋಡಿಲ್ಲ."

ಅಮ್ಮನ ಮಂಡಿನೋವು ವಾಸಿ. ನಾವು ಬರುವುದು ತಡ, ನಾಯಿಗಳಿಗೆ ಸೀಲ್ ಮಾಂಸ ಹಾಕು. ಇಕಾಲುಯಿಟ್‌ನ ವಿಮಾನ ಬಂತು.

ಸೀಪಾ