ಕಿಟಕಿ ಮುಚ್ಚೋಕೆ ಮತದಾನ

ಅಲ್ಲಕ್ಕ, ಈ ಪರದೇಶದಲ್ಲಿ ಅರ್ಥಶಾಸ್ತ್ರ ಓದೋ ನಲವತ್ತು ಜನಕ್ಕೆ ರಾಜ್ಯಶಾಸ್ತ್ರದ ಅಆಇಈ ಕಲಿಸೋದ್ರಲ್ಲಿ ನನಗೆ ಸಾಕುಸಾಕಾಗಿದೆ. ಇವತ್ತು ಮತದಾನದ ಪಾಠ. ಎಲ್ರೂ ಚಳಿ ಚಳಿ ಅಂತ ಗೊಣಗ್ತಿದ್ರು. ಸರಿ, ಕಿಟಕಿ ಮುಚ್ಚಬೇಕು ಅನ್ನೋರು ಕೈಯೆತ್ತಿ ಅಂದೆ. ಒಂದು ಕೈಯೂ ಏಳಲಿಲ್ಲ.

"ನನ್ನೊಂದು ಕೈಯಿಂದ ಏನೂ ಬದಲಾಗಲ್ಲ ಸರ್, ಸುಮ್ನೆ ಭುಜ ಯಾಕೆ ನೋಯಿಸ್ಕೊಳ್ಳೋದು?" ಅಂದ ಮುಂದಿನ ಬೆಂಚಿನ ಲೆಕ್ಕಾಚಾರದ ಮಹಾಶಯ. ಉಳಿದವರದ್ದೂ ಅದೇ ಲೆಕ್ಕವಂತೆ. ಅರ್ಧ ಗಂಟೆ ಗಡಗಡ ನಡುಗ್ತಾ ಕೂತ್ರು. ಕೊನೆಗೆ ಕಸ ಗುಡಿಸೋಕೆ ಬಂದವನು ಯಾರನ್ನೂ ಕೇಳದೆ ಕಿಟಕಿ ಹಾಕ್ದ. ಅವನಿಗೆ ಎಲ್ರೂ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ್ರು.

ಮುಂದಿನ ತಿಂಗಳ ಕೊನೇ ಶುಕ್ರವಾರ ನಮ್ಮ ಪ್ರೊಫೆಸರ್ ಬಂದು ಪಾಠ ನೋಡ್ತಾರೆ. ಹಿಡಿಸದಿದ್ರೆ ಕೆಲಸ ಹೋಯ್ತು. ನೆಗಡಿ ಮಾತ್ರ ನನಗಾಗಿದೆ, ಅಮ್ಮಂಗೆ ಹೇಳ್ಬೇಡ. ಕಾರ್ಡಲ್ಲಿ ಜಾಗ ಮುಗೀತು. ನಾನಿನ್ನೂ ಮೇಷ್ಟ್ರಾ ಅಲ್ವಾ ಅಂತ ಕೇಳೋಕೆ ಫೋನ್ ಮಾಡು, ಆ ಶುಕ್ರವಾರ ನಿಮ್ಮಲ್ಲಿ ಸಂಜೆ ಆರಕ್ಕೆ.