ಬಾಯಿ ತುಂಬಿದ ಸಭೆ

ಮೇ 4, 1962

…ಇಷ್ಟು ಸಾಲದು ಅಂತ ಚೇರ್ಮನ್ ಪದ್ಮಯ್ಯ ಗೌಡರ ಎಮ್ಮೆಯ ಕಾಲುನೋವಿನ ಕಥೆ ಬೇರೆ. ಮುಕ್ಕಾಲು ಗಂಟೆ! ಪಂಚಾಯತ್ ಸಭೆ ಕರೆದದ್ದು ಹೊಳೆಗೆ ಕಾಲುಸಂಕ, ಅಂದರೆ ಮರದ ಕಿರುಸೇತುವೆ, ಹಾಕುವ ವಿಷಯಕ್ಕೆ. ಗೌಡರಿಗೆ ಆ ಕೈ ಇರುವ ಕುರ್ಚಿ ಸಿಕ್ಕಿದರೆ ಹೊಳೆಯೂ ಇಲ್ಲ, ಸಂಕವೂ ಇಲ್ಲ.

ಒಣಮೀನು ಮಾರುವ ಹಸನಬ್ಬ ಮೂರು ಸಲ ಎದ್ದ. ಅವನ ಮನೆ ಆಚೆ ದಡದಲ್ಲಿ. ಮಗಳು ಆಯಿಶಾಗೆ ಜೂನ್ ಕೊನೆಗೆ ದಿನ ತುಂಬುತ್ತದೆ. ಅಷ್ಟು ಹೊತ್ತಿಗೆ ಹೊಳೆಯೂ ತುಂಬಿರುತ್ತದೆ. ಸೂಲಗಿತ್ತಿ ದಾಟುವುದು ಹೇಗೆ?

"ಎಂತ ಅವಸರ ಮಾರಾಯ? ಸಂಕ ಎಲ್ಲಿಗೂ ಓಡಿ ಹೋಗುದಿಲ್ಲ, ಕೂತ್ಕೊ."

"ಇದ್ರೆ ಅಲ್ವಾ ಗೌಡ್ರೆ ಓಡುದು?"

ಎಲ್ಲರೂ ನಕ್ಕರು. ಗೌಡರು ಮುಖ ಗಂಟಿಕ್ಕಿ ಸಭೆ ಮುಂದೂಡಿದರು. ನಾನು ಬರೆದುಕೊಂಡದ್ದು ಒಂದೇ ಸಾಲು. ಸೆಕ್ರೆಟರಿ ಕೆಲಸವಂತೆ! ನಮ್ಮೂರು ತಿಪಟೂರಿಗೆ ವರ್ಗ ಕೇಳಿ ಮೂರನೇ ಅರ್ಜಿ ಹಾಕಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ…

ಮೇ 9

ಒಂದು ವಿಷಯ ಹೊಳೆಯಿತು. ಇಲ್ಲಿ ಎಲೆಅಡಿಕೆ ಹರಿವಾಣ ಮೊದಲು ದೊಡ್ಡವರ ಮುಂದೆ ಹೋಗಬೇಕು. ಹೋದರೆ ಅವರು ಬೇಡ ಅನ್ನುವ ಹಾಗಿಲ್ಲ — ಮರ್ಯಾದೆಯ ಪ್ರಶ್ನೆ. ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಹಚ್ಚಿ, ಬಾಯಿಗಿಟ್ಟರೆ ಹತ್ತು ನಿಮಿಷ ಮಾತಿಲ್ಲ. ಸಭೆ ನಡೆಯುವುದು ಶಾಲೆಯಲ್ಲಿ. ಉಗುಳಬೇಕಾದರೆ ಅಂಗಳಕ್ಕೆ ಇಳಿಯಬೇಕು. ಗೌಡರು ಕುರ್ಚಿ ಬಿಟ್ಟು ಇಳಿಯುವವರಲ್ಲ.

ಮೇ 13, ಸಂಜೆ

ಗೆದ್ದೆ!

"ನಮ್ಮ ಅಜ್ಜನ ಕಾಲದಲ್ಲಿ…" ಎಂದರು ಗೌಡರು. ಹರಿವಾಣ ಹಿಡಿದುಕೊಂಡು ಎದುರು ನಿಂತೆ. "ಅಜ್ಜ ಒಮ್ಮೆ…" ಮತ್ತೆ ಹರಿವಾಣ. ಒಟ್ಟು ನಾಲ್ಕು ಸಲ. ಗೌಡರ ನಂತರ ಉಳಿದ ಹಿರಿಯರಿಗೂ. "ಘಟ್ಟದವ ಆದ್ರೂ ಮರ್ಯಾದೆ ಗೊತ್ತುಂಟು ಇವನಿಗೆ" ಅಂತ ಖುಷಿಯಲ್ಲೇ ತಿಂದರು. ಹಸನಬ್ಬ ಪೂರ್ತಿ ಮಾತಾಡಿದ. ಸಂಕ ಎಲ್ಲಿ ಅಂತಲೂ ತೀರ್ಮಾನ ಆಯಿತು. ಹೊಳೆ ಕಿರಿದಾಗುವ ಕಡೆ, ಕುಕ್ಕಪ್ಪ ಗೌಡರ ಗದ್ದೆಯ ಅಂಚಿಗೆ. ಕುಕ್ಕಪ್ಪ ಗೌಡರು ಯಾವ ಸಭೆಯಲ್ಲೂ ಬಾಯಿ ಬಿಟ್ಟವರಲ್ಲ. "ಆಕ್ಷೇಪ ಉಂಟಾ?" ಎಂದು ಕೇಳಿದೆ. ಕೈ ಸ್ವಲ್ಪ ಎತ್ತಿದರು, ಇಳಿಸಿದರು. ಸರ್ವಾನುಮತ ಎಂದು ಬರೆದೆ. ಠರಾವನ್ನು ಪುತ್ತೂರಿನ ಕಚೇರಿಗೆ ಕಳಿಸಿಯೂ ಆಯಿತು.

ಮೇ 22

ಒಂಬತ್ತು ದಿನ ಈ ಡೈರಿ ಮುಟ್ಟಿರಲಿಲ್ಲ. ಮುಟ್ಟದೆ ಇದ್ದದ್ದೇ ಚೆನ್ನಾಗಿತ್ತು.

ಇವತ್ತು ಪುತ್ತೂರಿನಿಂದ ಓವರ್‌ಸಿಯರ್ ಬಂದು ಗೂಟ ಹೊಡೆದರು. ಕುಕ್ಕಪ್ಪ ಗೌಡರು ಬದುವಿನ ಮೇಲೆ ಕೂತಿದ್ದರು. ಜಗಳ ಮಾಡಲಿಲ್ಲ, ಬೈಯಲಿಲ್ಲ. ಗೂಟ ಬಿದ್ದದ್ದು ಅವರು ನೇಜಿ ಹಾಕುವ ತುಂಡು ಗದ್ದೆಗೆ. ಅದೊಂದರಲ್ಲೇ ಭತ್ತದ ಸಸಿ ಏಳುವುದಂತೆ. ಅದು ಹೋದರೆ ಉಳಿದ ಗದ್ದೆಗೆಲ್ಲ ನೆಡುವುದು ಎಲ್ಲಿಂದ?

"ಅವತ್ತು ಹೇಳಬಹುದಿತ್ತಲ್ಲ?" ಎಂದೆ.

"ನೀವು ಕೇಳಿದ್ದು ಹೌದು ಸೆಕ್ರೆಟ್ರಿಯವ್ರೆ. ಅದಕ್ಕೆ ಮೊದ್ಲು ಹರಿವಾಣ ಹಿಡಿದದ್ದೂ ನೀವೆ. ಬಾಯಿ ತುಂಬ ರಸ. ನುಂಗ್ಲಿಕ್ಕೆ ಆಗ್ತದಾ, ಶಾಲೆಯಲ್ಲಿ ಉಗುಳ್ಲಿಕ್ಕೆ ಆಗ್ತದಾ? ಕೈ ಎತ್ತಿದೆ. ನೀವು ಬರೀತಾ ಇದ್ರಿ."

ಅವರು ಹೊಳೆಯ ಕೆಳಗಿನ ಬಂಡೆಯತ್ತ ಕೈ ತೋರಿಸಿದರು.

"ಹತ್ತು ಮಾರು ಕೆಳಗೆ ಆದ್ರೆ ಮರ ನಾನೇ ಕೊಡ್ತಿದ್ದೆ."

ಓವರ್‌ಸಿಯರ್ ಗಡಿಯಾರ ನೋಡಿದರು. ಜಾಗ ಬದಲಾದರೆ ಹೊಸ ಠರಾವು ಬೇಕು, ಚೇರ್ಮನ್‌ರ ಸಹಿ ಬೇಕು, ಶುಕ್ರವಾರ ಐದು ಗಂಟೆಯೊಳಗೆ ಫೋನಿನಲ್ಲಿ ಖಚಿತ ಹೇಳಬೇಕು. ಇಲ್ಲವಾದರೆ ಸಂಕ ಮುಂದಿನ ವರ್ಷ.

ಮುಂದಿನ ವರ್ಷ. ಆಯಿಶಾಗೆ ಮುಂದಿನ ತಿಂಗಳು.

ಮೇ 24

ಎರಡು ದಿನದಿಂದ ರೂಮಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೇನೆ. ಪದ್ಮಯ್ಯ ಗೌಡರನ್ನು ಬಾಯಿಬಡುಕ ಅಂತ ಬೈದುಕೊಂಡೆ. ನಾನು ಮಾಡಿದ್ದೇನು? ಬೇಡದ ಬಾಯಿಯ ಜೊತೆ ಬೇಕಾದ ಬಾಯಿಯನ್ನೂ ಮುಚ್ಚಿಸಿದೆ. ಹರಿವಾಣದ ಗುಟ್ಟು ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಹೇಳದೆ ಹಳೆ ಠರಾವು ಹೇಗೆ ಅಳಿಸಲಿ? ನಾಳೆ ಮೂರು ಗಂಟೆಗೆ ಸಭೆ ಕರೆದಿದ್ದೇನೆ.

ಮೇ 25, ಮಧ್ಯಾಹ್ನ 3-50

ಪೋಕರ್ ಸಾಹೇಬರ ಅಂಗಡಿ. ಊರಿಗೆ ಇರುವುದು ಇಲ್ಲಿಯ ಫೋನ್ ಒಂದೇ. ಪುತ್ತೂರಿನ ಲೈನಿಗೆ ಕಾಯುತ್ತ ಬರೆಯುತ್ತಿದ್ದೇನೆ.

ಎದ್ದು ನಿಂತು ಎಲ್ಲ ಹೇಳಿದೆ. ಹರಿವಾಣ ಯಾಕೆ ಹಿಡಿದೆ ಅಂತಲೂ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ಆ ನಾಲ್ಕು ವೀಳ್ಯ ಮರ್ಯಾದೆಗೆ ಕೊಟ್ಟದ್ದಲ್ಲ?" ಪದ್ಮಯ್ಯ ಗೌಡರ ಧ್ವನಿ ಸಣ್ಣದಾಗಿತ್ತು.

"ಅಲ್ಲ ಗೌಡ್ರೇ. ತಪ್ಪಾಯಿತು."

ಅವರು ಶಾಲು ಹೆಗಲಿಗೆ ಹಾಕಿ ಎದ್ದೇಬಿಟ್ಟರು. ಸಹಿ ಹೋಯಿತು, ಸಂಕ ಹೋಯಿತು ಅಂದುಕೊಂಡೆ. ಆಗ ಹಿಂದಿನ ಬೆಂಚಿನಿಂದ —

"ಕೂತ್ಕೊಳ್ಳಿ ಗೌಡ್ರೆ. ನಂಗೆ ಮಾತಾಡ್ಲಿಕ್ಕುಂಟು."

ಕುಕ್ಕಪ್ಪ ಗೌಡರು! ಚೇರ್ಮನ್ ಆಶ್ಚರ್ಯಕ್ಕೇ ಕೂತುಬಿಟ್ಟರು. ಕುಕ್ಕಪ್ಪ ಗೌಡರದು ನಿಧಾನ. ಒಂದು ಮಾತು, ಒಂದು ಕೆಮ್ಮು. ನೇಜಿ ಗದ್ದೆಯಿಂದ ಶುರು ಮಾಡಿ ನೆರೆಯ ವರ್ಷಕ್ಕೆ ಹೋದರು. ಅಲ್ಲಿಂದ ಹತ್ತು ಮಾರು ಕೆಳಗಿನ ಬಂಡೆಗೆ. ಹಸನಬ್ಬ ಕಾಲು ಕುಣಿಸುತ್ತ ಕೂತಿದ್ದ, ಆದರೂ ತಡೆಯಲಿಲ್ಲ. ಚೇರ್ಮನ್ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಮುಚ್ಚಿದರು. ನಾಲ್ಕಕ್ಕೆ ಬುಕ್ ಮಾಡಿದ ಫೋನ್ ಬರುವ ಹೊತ್ತಾಯಿತೆಂದು ನಾನು ಓಡಿ ಬಂದೆ.

ಲೈನ್ ಬಂತು. ಓವರ್‌ಸಿಯರ್. ಹೌದಾ ಅಲ್ವಾ, ಒಂದೇ ಮಾತು ಹೇಳ್ರಿ ಎಂದರು.

"ಸಾರ್, ಕುಕ್ಕಪ್ಪ ಗೌಡರ ಮಾತು ಇನ್ನೂ ಮುಗಿದಿಲ್ಲ."

"ಅರ್ಧದಲ್ಲಿ ನಿಲ್ಲಿಸ್ರೀ ಅವರನ್ನ!"

"ಆಗಲ್ಲ ಸಾರ್. ನಾಲ್ಕೂವರೆಗೆ ತಿರುಗಿ ಫೋನ್ ಮಾಡಿ, ಗಡುವು ಐದಕ್ಕಲ್ವಾ?"